ಕಾಂಕ್ರೀಟಿಗೆ ಮೊದಲು ಖಾಲಿ ಪೈಪು

ಯುರೋಪ್, ಪಶ್ಚಿಮ ಏಷ್ಯಾಗಳಿಂದ ಕಡಲಡಿಯಲ್ಲಿ ಹಾದು ಬರುವ ಇಂಟರ್ನೆಟ್ ಕೇಬಲ್‌ಗಳಲ್ಲಿ ಬಹುಪಾಲು ಭಾರತದ ದಡ ಮುಟ್ಟುವುದು ಮುಂಬೈಯಲ್ಲಿ, ಅದರಲ್ಲೂ ವರ್ಸೋವಾ ಸುತ್ತಮುತ್ತ. ಅಲ್ಲಿಗೆ ಕೂಗಳತೆಯಲ್ಲಿರುವ ಅಂಧೇರಿ, ಗೋರೆಗಾಂವ್‌ಗಳ ಹೊಸ ಟವರ್‌ಗಳಲ್ಲೂ ಫೋನ್ ರಿಂಗಾದರೆ ಬಾಲ್ಕನಿಗೆ ಓಡುವವರಿದ್ದಾರೆ. ಸಾವಿರಾರು ಕಿಲೋಮೀಟರ್ ದಾಟಿ ಬಂದ ಮಾಹಿತಿ, ಗೇಟಿನಿಂದ ಕೋಣೆಯವರೆಗಿನ ಕೊನೆಯ ನೂರು ಮೀಟರಿನಲ್ಲಿ ಎಡವುತ್ತದೆ.

ಇದಕ್ಕೆ ದೊಡ್ಡ ಕಾರಣ ಗೋಡೆ ಮತ್ತು ಗಾಜು. ಮುಂಬೈಯ ಎಷ್ಟೋ ಎತ್ತರದ ಕಟ್ಟಡಗಳು ಈಗ ‘ಮಿವಾನ್’ ಪದ್ಧತಿಯಲ್ಲಿ ಏಳುತ್ತಿವೆ. ಕಬ್ಬಿಣದ ಜಾಲರಿ ಕಟ್ಟಿ, ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ ಚಾವಣಿಗಳನ್ನು ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಬಿಸಿಲಿನ ಝಳ ತಡೆಯುವ ಆಧುನಿಕ ಗಾಜಿಗೋ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಲೋಹದ ಲೇಪ. ಲೋಹ ರೇಡಿಯೋ ತರಂಗವನ್ನು ಹಿಂದಕ್ಕೆ ಅಟ್ಟುತ್ತದೆ. ಇಂಥ ಗಾಜು ಸಿಗ್ನಲನ್ನು 20ರಿಂದ 30 ಡೆಸಿಬೆಲ್‌ನಷ್ಟು ಕುಗ್ಗಿಸಬಲ್ಲದು. 20 ಡೆಸಿಬೆಲ್ ಇಳಿದರೆ ಒಳಗೆ ಬರುವುದು ನೂರರಲ್ಲಿ ಒಂದು ಪಾಲು. 30 ಇಳಿದರೆ ಸಾವಿರದಲ್ಲಿ ಒಂದು. 700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್, 5ಜಿಯ 3.5 ಗಿಗಾಹರ್ಟ್ಸ್ ತರಂಗದ್ದು 9 ಸೆಂಟಿಮೀಟರಿಗೂ ಕಡಿಮೆ. ತರಂಗ ಗಿಡ್ಡವಾದಷ್ಟೂ ಕಾಂಕ್ರೀಟ್ ದಾಟುವುದು ಕಷ್ಟ. ಸಾಲದ್ದಕ್ಕೆ, ಮೊಬೈಲ್ ಗೋಪುರಗಳ ಆಂಟೆನಾಗಳು ಸಾಮಾನ್ಯವಾಗಿ ಬೀದಿಯತ್ತ ಬಾಗಿರುತ್ತವೆ. ಮೂವತ್ತನೇ ಮಹಡಿಯವರು ಅವುಗಳ ದೃಷ್ಟಿಗೇ ಬೀಳುವುದಿಲ್ಲ.

ಹೊರಗಿನ ಸಿಗ್ನಲ್ ಒಳಬರದಿದ್ದರೆ ಒಳಗೇ ಹಂಚಬೇಕು. ಲಾಬಿ, ಲಿಫ್ಟ್, ಪಾರ್ಕಿಂಗ್‌ಗಳ ಚಾವಣಿಯಲ್ಲಿ ಪುಟ್ಟ ಆಂಟೆನಾಗಳನ್ನಿಟ್ಟು, ಎಲ್ಲ ಕಂಪನಿಗಳೂ ಬಳಸುವಂತೆ ಒಂದೇ ಜಾಲ ಹೆಣೆಯಬಹುದು. ಮನೆಯ ಬ್ರಾಡ್‌ಬ್ಯಾಂಡಿಗೆ ಫೈಬರ್ ಬೇಕು. ಸಾಮಾನ್ಯ ತಾಮ್ರದ ನೆಟ್‌ವರ್ಕ್ ಕೇಬಲಿನ ಮಿತಿ 100 ಮೀಟರ್. ನಲವತ್ತು ಮಹಡಿಯ ಕಟ್ಟಡದ ಎತ್ತರವೇ ಅದನ್ನು ಮೀರುತ್ತದೆ. ಫೈಬರಿಗೆ ಆ ಅಡ್ಡಿಯಿಲ್ಲ. ವಿದ್ಯುತ್ ಬೇಡದ ಪುಟ್ಟ ಸ್ಪ್ಲಿಟರ್ ಒಂದೇ ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ.

ಆದರೆ ಆ ಎಳೆ ಮೇಲೇರಲು ದಾರಿ ಬೇಕಲ್ಲ! ಮಿವಾನ್ ಗೋಡೆಯೇ ಕಟ್ಟಡದ ಭಾರ ಹೊರುವುದರಿಂದ ಆಮೇಲೆ ಮನಬಂದಂತೆ ಕೊರೆಯುವಂತಿಲ್ಲ. ಪೈಪುಗಳನ್ನು ಜಾಲರಿಗೆ ಕಟ್ಟಬೇಕಾದ್ದು ಎರಕಕ್ಕೆ ಮೊದಲೇ. ಆಗ ಮರೆತರೆ ಗತಿ ಏನೆಂಬುದನ್ನು ಮುಂಬೈಯ ಯಾವ ಗಲ್ಲಿಯಲ್ಲಾದರೂ ತಲೆಯೆತ್ತಿ ನೋಡಬಹುದು: ಟೆರೇಸಿನಿಂದ ಟೆರೇಸಿಗೆ ಜಿಗಿದು, ಕಿಟಕಿ ಸಂದಿಯಲ್ಲಿ ನುಸುಳುವ ಕಪ್ಪು ಕೇಬಲ್‌ಗಳ ಗೋಜಲು.

ಉಪಕರಣಗಳ ಕೋಣೆಯನ್ನೂ ನಕ್ಷೆಯಲ್ಲೇ ಗುರುತಿಸಬೇಕು. ಖಾಲಿ ಜಾಗ ಸುಲಭವಾಗಿ ಸಿಗುವುದು ಬೇಸ್‌ಮೆಂಟಿನಲ್ಲಿ. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರಿದು. ಕೋಣೆ ನೆರೆಮಟ್ಟಕ್ಕಿಂತ ಮೇಲಿರಲಿ. ರಸ್ತೆಯಿಂದ ಕೇಬಲ್ ಒಳಬರಲು ಎರಡು ಬೇರೆ ದಿಕ್ಕಿನ ದಾರಿಗಳಿರಲಿ. ಒಂದು ಕಡೆ ಜೆಸಿಬಿ ಕಡಿದರೂ ಇನ್ನೊಂದು ಉಳಿಯುತ್ತದೆ.

ಜಾಲದ ವ್ಯವಸ್ಥೆ ಕಟ್ಟಡದ ಜೊತೆಗೇ ಸಿದ್ಧವಾಗದಿದ್ದರೆ ಏನಾಗುತ್ತದೆಂಬುದನ್ನು ನಗರ ಈಚೆಗೆ ಕಂಡಿದೆ. 2024ರ ಅಕ್ಟೋಬರಿನಲ್ಲಿ ಆರೆ–ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ (ಬಿಕೆಸಿ) ನಡುವೆ ಸುರಂಗ ಮೆಟ್ರೋ ಓಡಲಾರಂಭಿಸಿದಾಗ, ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಪ್ರಯಾಣಿಕರು ಪರದಾಡಿದರು.

ನಿಯಮಗಳು ನಿಧಾನವಾಗಿ ಎಚ್ಚೆತ್ತಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸಂವಹನ ವ್ಯವಸ್ಥೆಗೆಂದೇ ಒಂದು ವಿಭಾಗವಿದೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರಗಳ ಶ್ರೇಯಾಂಕ ಕೊಡುವ ನಿಯಮಾವಳಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಅಕ್ಟೋಬರಿನಲ್ಲಿ ಹೊರಡಿಸಿತು.

ಮುಂಬೈಯಲ್ಲಿ ಹಳೆಯ ಕಟ್ಟಡಗಳು ಉರುಳಿ ಟವರ್‌ಗಳು ಏಳುತ್ತಲೇ ಇವೆ. 2025ರ ಆಗಸ್ಟಿನಲ್ಲಿ ವರ್ಲಿಯ ಬಿಡಿಡಿ ಚಾಳ್‌ನ 556 ಕುಟುಂಬಗಳಿಗೆ ಹೊಸ ಮನೆಯ ಕೀಲಿಕೈ ಸಿಕ್ಕಿತು. ಪುನರಭಿವೃದ್ಧಿಯ ಮಾತು ಬಂದಾಗ ಸೊಸೈಟಿಗಳು ಕಾರ್ಪೆಟ್ ಏರಿಯಾ, ಕಾರ್ಪಸ್ ನಿಧಿ, ಪಾರ್ಕಿಂಗ್‌ಗಳಿಗೆ ಹಟ ಹಿಡಿದು ಚೌಕಾಸಿ ಮಾಡುತ್ತವೆ. ಆ ಪಟ್ಟಿಗೆ ಮೂರು ಸಾಲು ಸೇರಬೇಕು: ಪ್ರತಿ ಮಹಡಿ ಮುಟ್ಟುವ ಟೆಲಿಕಾಂ ಶಾಫ್ಟ್, ಪ್ರತಿ ಮನೆಗೆ ಒಂದು ಹೆಚ್ಚುವರಿ ಖಾಲಿ ಪೈಪು, ಯಾವ ಕಂಪನಿಗೂ ಏಕಸ್ವಾಮ್ಯವಿಲ್ಲವೆಂಬ ಷರತ್ತು. ಭಾರತಕ್ಕೆ 4ಜಿ ಬಂದದ್ದು 2012ರಲ್ಲಿ, 5ಜಿ 2022ರಲ್ಲಿ. ಕಟ್ಟಡ ನಿಲ್ಲುವುದು ಆ ಹತ್ತು ವರ್ಷಗಳ ಅಂತರಕ್ಕಿಂತ ಎಷ್ಟೋ ಹೆಚ್ಚು ಕಾಲ. ಮುಂದೆ ಬರುವ ತಂತ್ರಜ್ಞಾನ ಯಾವುದೆಂದು ಬಿಲ್ಡರ್ ಊಹಿಸಬೇಕಿಲ್ಲ; ಅದು ಬಂದಾಗ ಹಾದುಹೋಗಲು ಜಾಗ ಬಿಟ್ಟಿದ್ದರೆ ಸಾಕು.