ಟೈರ್ ಬದಲಿಸುವ ಮುನ್ನ ಒಳ ಅಂಚು ನೋಡಿ

ನನ್ನ ಸ್ಪೋರ್ಟ್ಸ್ ಸೆಡಾನಿನ ಹಿಂದಿನ ಟೈರುಗಳು ಹೊರಗಿಂದ ಚೆನ್ನಾಗೇ ಕಾಣ್ತಿದ್ದವು. ಒಳ ಅಂಚು ಮಾತ್ರ ತಂತಿ ಕಾಣುವಷ್ಟು ಸವೆದಿತ್ತು. "ಎರಡು ಹೊಸದು ಹಾಕ್ಸಿಬಿಡಿ ಸಾರ್" ಅಂದ್ರು ಅಂಗಡಿಯವರು. ಅಷ್ಟೇ ಮಾಡಿದ್ದರೆ ಹೊಸವೂ ಹಾಗೇ ಸವೆಯುತ್ತಿದ್ದವು.

ಸವೆತವೇ ಕಾರಣ ಹೇಳುತ್ತೆ. ನಡುಭಾಗ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಕಡಿಮೆ. ಒಂದೇ ಅಂಚಾದರೆ ಸಾಮಾನ್ಯವಾಗಿ ಅಲೈನ್‌ಮೆಂಟ್. ತಿರುವಿನಲ್ಲಿ ಹಿಡಿತ ಸಿಗಲೆಂದು ಇಂಥ ಕಾರುಗಳ ಚಕ್ರವನ್ನು ಮೇಲ್ಭಾಗ ಒಳಕ್ಕೆ ವಾಲುವಂತೆ ಕೂರಿಸಿರುತ್ತಾರೆ; ಅದೇ ಕ್ಯಾಂಬರ್. ಜೊತೆಗೆ ಗುಂಡಿಗೆ ಬಿದ್ದು ಚಕ್ರದ ದಿಕ್ಕೂ ತಪ್ಪಿದರೆ ಒಳ ಅಂಚು ಬೇಗ ಹೋಗುತ್ತೆ.

ಹಾಗಾಗಿ ಮೊದಲು ಸಸ್ಪೆನ್ಷನ್ ಬುಷ್ ನೋಡಿಸಿ. ಟೈರ್ ಹಾಕಿಸಿದ ದಿನವೇ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಕೊಳ್ಳುವಾಗ ಸೈಜ್ ಒಂದೇ ಸಾಲದು. ಲೋಡ್ ಇಂಡೆಕ್ಸ್, ಸ್ಪೀಡ್ ರೇಟಿಂಗ್ ಕಾರಿನ ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಇರಬಾರದು. ತಯಾರಿಕೆ ದಿನಾಂಕವನ್ನೂ ನೋಡಿ: 2324 ಅಂದರೆ 2024ರ 23ನೇ ವಾರ.

ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ತಪ್ಪು ನಮ್ಮದು ಅನ್ನುತ್ತೆ ಕಾನೂನು. ಸರಿ, ಅಳೆಯೋಣ. ಆದರೆ ಟೈರ್ ತಿಂದ ಗುಂಡಿಯ ಆಳ ಅಳೆಯೋರು ಯಾರು?