ಒಂದು ಗಂಟೆಯ ನಂತರದ ಕಾಲೇಜು

ನಮ್ಮ ಅಕ್ಕನ ಮನೆ ಪಿರಿಯಾಪಟ್ಟಣದ ಕಡೆ. ಊರಲ್ಲಿ ಹೊಗೆಸೊಪ್ಪು ಬ್ಯಾರನ್‌ಗೆ ಏರುವ ಹೊತ್ತಿಗೆ ಅಕ್ಕನ ಮಗ ಒಂದು ಬ್ಯಾಗು, ಒಂದು ಹಾಸಿಗೆ ಸುರುಳಿ, ಅಜ್ಜಿ ಕಟ್ಟಿಕೊಟ್ಟ ಹುರಿಟ್ಟಿನ ಡಬ್ಬಿ ಹಿಡಿದುಕೊಂಡು ಮೈಸೂರಿಗೆ ಬಂದಿಳಿದ. ಮಹಾರಾಜ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ. ಅವರ ಮನೆಯಲ್ಲಿ ಡಿಗ್ರಿಗೆ ಬಂದವನು ಅವನೇ ಮೊದಲಿಗ. ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದು ಕೂತವನು, ಕಾಫಿ ಲೋಟ ಕೆಳಗಿಟ್ಟು, ಹಿಂಜರಿಯುತ್ತಲೇ ಕೇಳಿದ.

"ಮಾವ, ಕ್ಲಾಸು ಒಂದು ಗಂಟೆಗೆಲ್ಲ ಮುಗ್ದೋಯ್ತದೆ. ಆಮೇಲೆ ರೂಮಲ್ಲಿ ಕುಂತ್ಕಂಡು ಫೋನ್ ನೋಡ್ತಿರ್ತೀನಿ. ಇನ್ನೇನ್ ಮಾಡ್ಬೇಕು?"

ಈ ಪ್ರಶ್ನೆ ನನ್ನನ್ನು ಆ ರಾತ್ರಿ ಬಿಡಲಿಲ್ಲ. ಇದೇ ಊರಿನಲ್ಲಿ ಓದಿದವನು ನಾನು. ಮೂರು ವರ್ಷ ದಿನಾ ಎರಡು ಸಲ ಕೌಟಿಲ್ಯ ವೃತ್ತ ಹಾದು ಓಡಾಡಿದ್ದೇನೆ. ಆ ವೃತ್ತಕ್ಕೆ ಆ ಹೆಸರು ಏಕೆ ಬಂತು, ಎದುರಿನ ಹಳೆಯ ಕಟ್ಟಡದೊಳಗೆ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ. ಅದರ ಮೆಟ್ಟಿಲು ಹತ್ತಿದ್ದು ನಲವತ್ತು ದಾಟಿದ ಮೇಲೆ. ಅವನಿಗೆ ಹಾಗಾಗಬಾರದು ಅನ್ನಿಸಿತು. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗಳಿಗೆ ರಜೆ. ಉಳಿದ ಶನಿವಾರಗಳಲ್ಲಿ, ಅವನ ಕ್ಲಾಸು ಮುಗಿಯುತ್ತಲೇ, ಇಬ್ಬರೂ ನಡೆದುಕೊಂಡು ಹೊರಡುವುದೆಂದು ಗೊತ್ತುಮಾಡಿದೆವು.

ಮೊದಲು ಹೊಟ್ಟೆಯ ವಿಷಯ. ಅದು ಸರಿಹೋಗದೆ ಮಿಕ್ಕದ್ದು ತಲೆಗೆ ಹೋಗದು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿರಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ–ವಸತಿಯ ನೆರವಾಗಿ ವಿದ್ಯಾಸಿರಿ ಯೋಜನೆ ಇದೆ. ಕೊನೆಯ ದಿನ ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲುವವರಲ್ಲಿ ಅರ್ಧಕ್ಕರ್ಧ ಮಂದಿ ಮೊದಲ ವರ್ಷದವರೇ ಇರುತ್ತಾರೆ ಎಂಬುದು ನಾನು ಕಣ್ಣಾರೆ ಕಂಡದ್ದು. ಅವನು ಸದ್ಯ ಮುಂಚೆಯೇ ಹಾಕಿದ್ದ.

ಮೊದಲ ಶನಿವಾರ ಕೌಟಿಲ್ಯ ವೃತ್ತಕ್ಕೇ ಹೋದೆವು. ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಕ್ಟೋರಿಯಾ ರಾಣಿಯ ಜುಬಿಲಿಯ ನೆನಪಿಗೆಂದು 1887ರಲ್ಲಿ ಆರಂಭವಾದ ಕಟ್ಟಡ. ಅದರಲ್ಲಿ 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಓರಿಯಂಟಲ್ ಲೈಬ್ರರಿ ಶುರುವಾಯಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮಡಿಲಿಗೆ ಬಂತು. ಈಗಿನ ಹೆಸರು ಬಂದದ್ದು 1943ರಲ್ಲಿ.

ಇಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1905ರಲ್ಲಿ ತಂಜಾವೂರು ಸೀಮೆಯ ಒಬ್ಬ ಪಂಡಿತರು ಒಂದು ಓಲೆಗರಿ ಕಟ್ಟು ತಂದು ಇಲ್ಲಿಗೆ ಒಪ್ಪಿಸಿದರು. ಲಿಪಿ ಗ್ರಂಥ, ಭಾಷೆ ಸಂಸ್ಕೃತ. ಶಾಸ್ತ್ರಿಗಳು ಬಿಚ್ಚಿ ಓದುತ್ತ ಹೋದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗೊತ್ತಾಯಿತು. ಇಂಥದ್ದೊಂದು ಗ್ರಂಥವಿತ್ತೆಂದು ಬೇರೆ ಬೇರೆ ಪುಸ್ತಕಗಳ ಉಲ್ಲೇಖಗಳಿಂದ ವಿದ್ವಾಂಸರಿಗೆ ತಿಳಿದಿತ್ತೇ ಹೊರತು, ಪೂರ್ತಿ ಪಾಠ ಅವರ ಕೈಗೆ ಸಿಕ್ಕಿರಲಿಲ್ಲ. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೂ ತಂದರು. ನನ್ನ ಅಳಿಯ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದಾನೆ. ಪ್ರಾಚೀನ ಭಾರತದ ರಾಜಕೀಯ ಚಿಂತನೆ ಎಂಬ ಪಾಠ ಬಂದಾಗ ಅವನು ಬಾಯಿಪಾಠ ಮಾಡಬೇಕಾದ ಕೌಟಿಲ್ಯನ ಸಪ್ತಾಂಗ ಸಿದ್ಧಾಂತ, ಅವನು ದಿನಾ ಓಡಾಡುವ ರಸ್ತೆಯಲ್ಲಿರುವ ಈ ಮನೆಯಿಂದಲೇ ಲೋಕಕ್ಕೆ ಮತ್ತೆ ಸಿಕ್ಕಿದ್ದು. ಇದನ್ನು ಹೇಳಿದಾಗ ಅವನು ಏನೂ ಮಾತಾಡಲಿಲ್ಲ. ತಿರುಗಿ ವೃತ್ತದ ಕಡೆ ಒಮ್ಮೆ ನೋಡಿದ.

ಓಲೆಗರಿಯನ್ನು ಕಾಪಾಡುವ ಕೆಲಸ ಬಹಳ ತಾಳ್ಮೆಯದು. ಗರಿಯ ಮೇಲೆ ಬರೆದದ್ದು ಮಸಿಯಿಂದಲ್ಲ, ಕಂಠ ಎನ್ನುವ ಕಬ್ಬಿಣದ ಮೊನೆಯಿಂದ ಗೀರಿದ್ದು. ಹೊಸದಾಗಿ ಬರೆದಾಗ ಅಕ್ಷರ ಕಾಣುವುದೇ ಇಲ್ಲ. ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ಗರಿಯ ಮೇಲೆ ಬಳಿದು ಒರೆಸಿದರೆ ಗೀರುಗಳೊಳಗೆ ಕಪ್ಪು ನಿಂತು ಅಕ್ಷರಗಳು ಎದ್ದು ಬರುತ್ತವೆ. ಗರಿ ಒಣಗಿ ಮುರಿಯದಂತೆ, ಹುಳು ಹತ್ತದಂತೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಎರಡು ಮರದ ಹಲಗೆಗಳ ನಡುವೆ ಗರಿಗಳನ್ನು ದಾರದಲ್ಲಿ ಪೋಣಿಸಿ ಬಿಗಿದು, ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಗ್ರಂಥ, ತಿಗಳಾರಿ, ನಂದಿನಾಗರಿಗಳಂಥ ಲಿಪಿಗಳನ್ನು ಸರಾಗವಾಗಿ ಓದಬಲ್ಲವರು ಈಗ ತೀರಾ ವಿರಳ. ಹದಿನೆಂಟು ವರ್ಷದ ಹುಡುಗನೊಬ್ಬ ಹಟ ಹಿಡಿದು ಇವುಗಳಲ್ಲಿ ಒಂದನ್ನು ಕಲಿತರೆ ಇಪ್ಪತ್ತೈದಕ್ಕೆ ಅವನನ್ನು ಹುಡುಕಿಕೊಂಡು ಬರುವವರಿರುತ್ತಾರೆ. ಇದನ್ನು ನಾನು ಆಸೆ ಹುಟ್ಟಿಸಲು ಹೇಳುತ್ತಿಲ್ಲ, ಆ ಕೆಲಸಕ್ಕೆ ಜನ ಬೇಕಾಗಿದ್ದಾರೆ. ಹಳೆಗನ್ನಡದ ಓಲೆಗರಿ ನೋಡಬೇಕೆಂದರೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ಹೋಗಬೇಕು. ಕನ್ನಡದ ಕಟ್ಟುಗಳು ಅಲ್ಲಿವೆ.

ಆ ದಿನ ವಾಪಸು ಬರುವಾಗ ಅವನು ಕೇಳಿದ: "ಇಲ್ಲಿಗೆಲ್ಲ ನಮ್ಮಂಥವ್ರನ್ನ ಬಿಡ್ತಾರಾ ಮಾವ? ನಾನು ಬರೀ ಫಸ್ಟ್ ಇಯರ್ ಅಲ್ವಾ?"

ನನ್ನ ಇಡೀ ಲೇಖನ ಇರುವುದು ಈ ಮಾತಿನ ಸುತ್ತಲೇ. ಹಳ್ಳಿಯಿಂದ ಬಂದ ಮಕ್ಕಳಿಗೆ ಕಾಲೇಜು ಎಂದರೆ ಬೇರೆಯವರ ಮನೆ ಇದ್ದಂತೆ. ಜಗಲಿಯಲ್ಲಿ ಕೂರುತ್ತಾರೆ, ನಡುಮನೆಗೆ ಹೋಗಲು ಯಾರಾದರೂ ಕರೆಯಲಿ ಎಂದು ಕಾಯುತ್ತಾರೆ. ಕರೆಯುವವರು ಯಾರೂ ಇರುವುದಿಲ್ಲ. ದರ್ಪದಿಂದಲ್ಲ, ಕರೆಯಬೇಕು ಎಂಬ ಯೋಚನೆಯೇ ಅಲ್ಲಿರುವವರಿಗೆ ಬರುವುದಿಲ್ಲ. ಹೀಗಾಗಿ ಅವನಿಗೆ ಮೂರು ಸಾಲಿನ ಒಂದು ಅರ್ಜಿ ಬರೆಯುವುದನ್ನು ಕಲಿಸಿದೆ. ನಾನು ಇಂಥ ತರಗತಿಯ ವಿದ್ಯಾರ್ಥಿ, ಇಂಥದ್ದನ್ನು ನೋಡಲು ಆಸಕ್ತಿ, ದಯವಿಟ್ಟು ಅನುಮತಿ ಕೊಡಿ. ಕೆಳಗೆ ಅಧ್ಯಾಪಕರದ್ದೋ ಪ್ರಾಂಶುಪಾಲರದ್ದೋ ಸಹಿ ಮತ್ತು ಸೀಲು. ಐಡಿ ಕಾರ್ಡಿನ ಜೊತೆ ಈ ಕಾಗದ ಇಟ್ಟುಕೊಂಡು ಕೇಳಿದರೆ ಆಗುವುದಿಲ್ಲ ಎನ್ನುವವರು ಕಡಿಮೆ. ಅಂದರೂ, ಯಾರನ್ನು ಕೇಳಬೇಕು ಎಂಬುದನ್ನಾದರೂ ಹೇಳಿ ಕಳಿಸುತ್ತಾರೆ.

ಅವನ ಕಾಲೇಜೇನೂ ಸಣ್ಣದಲ್ಲ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ರಾಜಾ ಫ್ರೀ ಸ್ಕೂಲ್ ಬೆಳೆದು ಮಹಾರಾಜ ಕಾಲೇಜಾಯಿತು. ಸರ್ವಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆ ಬಿಚ್ಚಿ, ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದುಕೊಂಡು ಹೋದ ಕಥೆ ಊರಿಗೆಲ್ಲ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವುದು ಎಂ.ವಿ. ಗೋಪಾಲಸ್ವಾಮಿಯವರ ಕಥೆ. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಈ ಕಾಲೇಜಿನಲ್ಲಿ 1924ರಲ್ಲಿ ಆ ವಿಭಾಗ ಕಟ್ಟಿದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಶುರುಮಾಡಿದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಕ್ಲಾಸು ಮುಗಿಸಿ ಮನೆಗೆ ಹೋದ ಮೇಷ್ಟರು ಮಾಡಿದ ಕೆಲಸ ಇದು. ಸಂಬಳದ ಲೆಕ್ಕದಲ್ಲಿ ಬರುವಂಥದ್ದಲ್ಲ.

ಇಂಥದ್ದೇ ಇನ್ನೊಂದು ಕೆಲಸ ವಿಶ್ವವಿದ್ಯಾನಿಲಯದ ಪ್ರಕಟಣ ವಿಭಾಗವಾದ ಪ್ರಸಾರಾಂಗದ್ದು. 1930ರ ದಶಕದಿಂದ ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರನ್ನು ಹಳ್ಳಿಗಳಿಗೆ, ಸಣ್ಣ ಪಟ್ಟಣಗಳಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಕೊಡಿಸುತ್ತಿತ್ತು. ವಿಜ್ಞಾನ, ಆರೋಗ್ಯ, ಚರಿತ್ರೆ, ಕಾವ್ಯ, ಜನಕ್ಕೆ ಬೇಕಾದ ಎಲ್ಲ ವಿಷಯಗಳ ಮೇಲೂ. ಆ ಮಾತುಗಳೇ ಪ್ರಚಾರೋಪನ್ಯಾಸ ಮಾಲೆಯ ಕಿರುಪುಸ್ತಕಗಳಾದವು. ಜೇಬಿನಲ್ಲಿ ಹಿಡಿಸುವ ತೆಳ್ಳನೆಯ ಪುಸ್ತಕಗಳು. ಇಂಗ್ಲಿಷ್ ಮೀಡಿಯಂ ಪಠ್ಯ ಅರ್ಥವಾಗದೆ ಒದ್ದಾಡುವ ಮೊದಲ ವರ್ಷದ ವಿದ್ಯಾರ್ಥಿಗೆ, ಒಂದು ವಿಷಯವನ್ನು ತನ್ನ ಭಾಷೆಯಲ್ಲಿ ಅರವತ್ತು–ಎಪ್ಪತ್ತು ಪುಟದಲ್ಲಿ ಹೇಳಿ ಮುಗಿಸುವ ಇವು ಎಷ್ಟು ಉಪಕಾರಿ ಎಂದು ನಾನು ಬಲ್ಲೆ. ಹಳೆಯವು ಗ್ರಂಥಾಲಯಗಳ ಮೂಲೆಗಳಲ್ಲಿ ಸಿಗುತ್ತವೆ. 1946ರಲ್ಲಿ ಬಂದ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು, ಕನ್ನಡ ಅಧ್ಯಯನ ಸಂಸ್ಥೆಯ ಕನ್ನಡ ವಿಶ್ವಕೋಶದ 14 ಸಂಪುಟಗಳು ಕೂಡ ಪರಾಮರ್ಶನ ವಿಭಾಗದಲ್ಲಿ ಕೂತು ನೋಡಬಹುದಾದವು. ಫೋನಿನಲ್ಲಿ ಹುಡುಕಿದರೆ ಸಿಗದ ಎಷ್ಟೋ ಕನ್ನಡ ಮಾಹಿತಿ ವಿಶ್ವಕೋಶದಲ್ಲಿದೆ. ಅಳಿಯನಿಗೆ 'ಪಿರಿಯಾಪಟ್ಟಣ' ತೆಗೆದು ಓದು ಎಂದೆ. ಓದುತ್ತ ಕೂತವನು ಮುಂದಿನ ನಮೂದಿಗೆ, ಅದರ ಮುಂದಿನದಕ್ಕೆ ಜಾರಿದ. ಗ್ರಂಥಾಲಯದವರು ಬೆಲ್ಲು ಹೊಡೆದಾಗಲೇ ಎದ್ದದ್ದು.

ಎರಡನೇ ಸುತ್ತು ಕುಕ್ಕರಹಳ್ಳಿ ಕೆರೆ ಬಳಸಿ ಮಾನಸಗಂಗೋತ್ರಿಗೆ. 1864ರಲ್ಲಿ ಮುಮ್ಮಡಿಯವರು ಕಟ್ಟಿಸಿದ ಕೆರೆ, ಈಗ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿದ್ದವು. ಆರ್.ಕೆ. ನಾರಾಯಣ್ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಉಳಿದಾಗ, ಪುಸ್ತಕ ಹಿಡಿದು ಬಂದು ಕೂರುತ್ತಿದ್ದದ್ದು ಈ ದಂಡೆಯ ಮೇಲೆ. ಅವರ ತಂದೆ ಹೆಡ್‌ಮಾಸ್ಟರಾಗಿದ್ದ ಹೈಸ್ಕೂಲಿನ ಗ್ರಂಥಾಲಯ ಮಗನಿಗೆ ಪೂರ್ತಿ ತೆರೆದಿತ್ತು. ಆಮೇಲೆ ಅವರು ಮಹಾರಾಜ ಕಾಲೇಜಿನಲ್ಲೇ ಓದಿ 1930ರಲ್ಲಿ ಬಿ.ಎ. ಮುಗಿಸಿದರು. ಹಳ್ಳಿಯ ಹುಡುಗನಿಗೆ ಹೆಡ್‌ಮಾಸ್ಟರ್ ತಂದೆ ಇರುವುದಿಲ್ಲ, ನಿಜ. ಅದಕ್ಕೇ ಲೈಬ್ರರಿ ಕಾರ್ಡು ಅವನಿಗೆ ಇನ್ನೂ ಹೆಚ್ಚು ಮುಖ್ಯ.

ಕೆರೆಯಾಚೆಯ ಮಾನಸಗಂಗೋತ್ರಿ 700 ಎಕರೆಗೂ ಮೀರಿದ ಜಾಗ. ಕುವೆಂಪು ಕುಲಪತಿಗಳಾಗಿದ್ದಾಗ ಕಟ್ಟಿ ಹೆಸರಿಟ್ಟದ್ದು, 1960ರಲ್ಲಿ ಆರಂಭ. ಇದು ಸ್ನಾತಕೋತ್ತರದವರ ಜಾಗ ಎಂದು ಡಿಗ್ರಿ ಮಕ್ಕಳು ಇತ್ತ ತಲೆ ಹಾಕುವುದಿಲ್ಲ. ಆದರೆ ಇಲ್ಲಿ ನಡೆಯುವ ಎಷ್ಟೋ ವಿಚಾರಸಂಕಿರಣ, ವಿಶೇಷ ಉಪನ್ಯಾಸಗಳಲ್ಲಿ ಹಿಂದಿನ ಸಾಲಿನ ಕುರ್ಚಿಗಳು ಖಾಲಿ ಇರುತ್ತವೆ. ನೋಟಿಸ್ ಬೋರ್ಡು ನೋಡಿಕೊಂಡು ಬಂದು ಕೂತರಾಯಿತು. ಮೊದಲೆರಡು ಸಲ ಅರ್ಥವಾಗುವುದಿಲ್ಲ. ಮೂರನೆಯ ಸಲ ಒಂದು ಪ್ರಶ್ನೆ ಹುಟ್ಟುತ್ತದೆ. ದಸರೆಗೆ ಮುಂಚೆ ಇಲ್ಲಿನ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆದಾಗ ಕಾಲೇಜು ಮಕ್ಕಳೇ ಕುಣಿಯುತ್ತಾರೆ. ಇನ್ನು ನಾಟಕದ ಹುಚ್ಚಿದ್ದರೆ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಕಲಾಮಂದಿರದ ಆವರಣದಲ್ಲೇ ಇದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯದ ನಾಟಕಕ್ಕೆ ಒಮ್ಮೆ ಹೋದವರು ಮತ್ತೆ ಹೋಗುತ್ತಾರೆ.

ಎನ್‌ಎಸ್‌ಎಸ್ ಬಗ್ಗೆ ಅವನೇ ವಿಚಾರಿಸಿಕೊಂಡಿದ್ದ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಶುರುವಾದ ಯೋಜನೆ. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಸರ್ಟಿಫಿಕೇಟಿಗಾಗಿ ಸೇರುವವರೇ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಏಳು ದಿನ ನಲವತ್ತೈವತ್ತು ಮಂದಿಗೆ ಅನ್ನ ಬೇಯಿಸಿ, ಚರಂಡಿ ತೋಡಿ, ರಾತ್ರಿ ವೇದಿಕೆ ಮೇಲೆ ಮೈಕ್ ಹಿಡಿದು ಮಾತಾಡಿದ ಹುಡುಗನ ಧ್ವನಿಯೇ ಬೇರೆ. ನಾಚಿಕೆ ಸ್ವಭಾವದ ಮಕ್ಕಳಿಗೆ ನಾನು ಮೊದಲು ಹೇಳುವುದೇ ಇದನ್ನು.

ಕೊನೆಯ ಶನಿವಾರಕ್ಕೆ ಉಳಿಸಿಕೊಂಡದ್ದು ಜಯಲಕ್ಷ್ಮಿ ವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಎದ್ದ ಅರಮನೆ ಇದು. ಹಳೆಯ ಕಟ್ಟಡವಾದ್ದರಿಂದ ದುರಸ್ತಿಗೆಂದು ಮುಚ್ಚಿರುವ ದಿನಗಳೂ ಇರುತ್ತವೆ, ವಿಚಾರಿಸಿಕೊಂಡು ಹೋಗಬೇಕು. ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿ ಹಳ್ಳಿ ತಿರುಗಿ ಹೊತ್ತು ತಂದ ಸಾಮಾನುಗಳಿವು. ಸೋಮನ ಮುಖವಾಡ, ತೊಗಲುಗೊಂಬೆ, ದೀಪ, ಅಳತೆಯ ಕೊಳಗ, ಬೇಸಾಯದ ಮುಟ್ಟುಗಳು.

ಅಷ್ಟೂ ದಿನ ತೋರಿಸಿದವನು ನಾನು, ನೋಡಿದವನು ಅವನು. ಅಲ್ಲಿ ಅದು ತಿರುಗುಮುರುಗಾಯಿತು. ಕೂರಿಗೆಯ ಪಕ್ಕ ಒಂಟಿ ಬಿದಿರಿನ ಕೊಳವೆಯೊಂದನ್ನು ನೋಡಿ ನಾನು ಸುಮ್ಮನೆ ಮುಂದೆ ಹೋಗುತ್ತಿದ್ದೆ. "ಸಡ್ಡೆ ಮಾವ ಇದು" ಅಂದ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಇದನ್ನು ಹಗ್ಗದಲ್ಲಿ ಕಟ್ಟಿ ಎಳೆಯುತ್ತಾರೆ, ಹಿಂದಿನಿಂದ ನಡೆಯುವವರು ಇದರೊಳಕ್ಕೆ ಅವರೆಕಾಳೋ ತೊಗರಿಯೋ ಬಿಡುತ್ತ ಹೋದರೆ ಅಕ್ಕಡಿ ಸಾಲು ಬೀಳುತ್ತದೆ ಎಂದು ಕೈಯಲ್ಲೇ ಆಡಿಸಿ ತೋರಿಸಿದ. ಹೊಗೆಸೊಪ್ಪು ಬಂದ ಮೇಲೆ ಅವರ ಹೊಲದಲ್ಲಿ ರಾಗಿ ನಿಂತುಹೋಗಿದೆ, ಇವನು ಸಡ್ಡೆ ನೋಡಿದ್ದು ಅಟ್ಟದ ಮೇಲೆ. ನನ್ನ ಚೀಟಿಪುಸ್ತಕ ತೆಗೆದು ಬರೆದುಕೊಂಡೆ. ಕಾಳು ಬಿಡುವಾಗ ಏನಾದರೂ ಹಾಡುತ್ತಿದ್ದರೇ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. "ಸಡ್ಡೇನಾ? ಅದನ್ನ ಯಾಕಪ್ಪ ತಕ್ಕೊಂಡೋಗಿ ಅರಮನೇಲಿ ಮಡ್ಗವ್ರೆ?" ಎಂದು ಕೇಳಿದ್ದು ನನಗೂ ಕೇಳಿಸಿತು. ಆಮೇಲೆ ಆಕೆ ಹೇಳುತ್ತ ಹೋದಳು. ಅವನು ನನ್ನ ಪೆನ್ನು ಕಸಿದುಕೊಂಡು, ಕಾಲೇಜಿನ ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯತೊಡಗಿದ.