ಬಿಟ್ಟ ಗುಳಿಗೆ, ಹೇಳದ ಮಾತು

ತುಬಚಿ, ಶೂರ್ಪಾಲಿ, ಮುತ್ತೂರು ಕಡೆಯ ನದಿದಂಡೆಯ ಮನೆಗಳಲ್ಲಿ ಗುಳಿಗೆಗಳಿಗೆ ಒಂದು ಗೊತ್ತಾದ ಜಾಗವಿರುತ್ತದೆ: ಗೋಡೆಯ ಮಾಡದೊಳಗಿನ ಕ್ಯಾರಿಬ್ಯಾಗು. ಜಮಖಂಡಿಯ ಡಾಕ್ಟರ ಚೀಟಿ, ಮಿರಜದ ದೊಡ್ಡ ದವಾಖಾನೆಯ ಫೈಲು, ಊರ ಮೆಡಿಕಲ್‌ನವರು ಹರಿದುಕೊಟ್ಟ ನಾಲ್ಕು ಗುಳಿಗೆಯ ತುಂಡು ಶೀಟು, ಎಲ್ಲವೂ ಅದರಲ್ಲೇ. ಒಂದು ದಿನ ನಮ್ಮ ಅವ್ವನ ಚೀಲ ಬಿಚ್ಚಿ ನೋಡಿದೆ. ಎರಡು ತಿಂಗಳ ಬಿಪಿ ಗುಳಿಗೆಗಳು ಒಡೆಯದೆ ಹಾಗೇ ಕೂತಿದ್ದವು.

"ಕಾಲ ಬಾತಾವಪಾ, ಅದಕ್ಕ ಬಿಟ್ಟೇನಿ" ಅಂದಳು.

"ಡಾಕ್ಟರಿಗೆ ಹೇಳಿದೇನು ಬೇ?"

"ಹೇಳಿದರ ಬೈತಾರ."

ಅಡ್ಡ ಪರಿಣಾಮಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಆ ಕೊನೆಯ ಮಾತು. ಗುಳಿಗೆಯಿಂದ ಏನಾದರೂ ತೊಂದರೆಯಾದರೆ ನಮ್ಮ ಜನ ಸುಮ್ಮನೆ ತಾಳಿಕೊಳ್ಳುತ್ತಾರೆ, ಇಲ್ಲವೆ ಸುಮ್ಮನೆ ಬಿಟ್ಟುಬಿಡುತ್ತಾರೆ. ಎರಡರಲ್ಲೂ 'ಸುಮ್ಮನೆ' ಇದೆ. ಹೇಳಿದ್ದರೆ ಬಹಳಷ್ಟು ಸಲ ಒಂದು ಚೀಟಿಯಲ್ಲಿ ಮುಗಿಯುತ್ತಿದ್ದ ಸಂಗತಿ, ಹೇಳದೇ ಇದ್ದುದರಿಂದ ಪಾರ್ಶ್ವವಾಯುವಿನವರೆಗೆ ಹೋಗಿಬಿಡಬಹುದು. ನಮ್ಮ ಕಡೆ ಕಟ್ಟೆಯ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

"ಕಾಲ ಬಾತರ ಗುಳಿಗಿ ಹಿಡಿಸಿಲ್ಲಂತ ಅರ್ಥ, ಬಿಟ್ಟ ಬಿಡಬೇಕು"

ಅವ್ವ ತಗೊಳ್ಳುತ್ತಿದ್ದದ್ದು ಅಮ್ಲೋಡಿಪಿನ್. ಬಿಪಿಗೆ ಅತಿ ಹೆಚ್ಚು ಬರೆಯುವ ಗುಳಿಗೆಗಳಲ್ಲೊಂದು. ಅದು ಸಣ್ಣ ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ಆದರೆ ರಕ್ತ ತರುವ ನಾಳ ಅಗಲವಾದಷ್ಟು, ಅದನ್ನು ವಾಪಸು ಒಯ್ಯುವ ನಾಳ ಅಗಲವಾಗುವುದಿಲ್ಲ. ಹೀಗಾಗಿ ಪಾದದ ಹತ್ತಿರ ಸ್ವಲ್ಪ ನೀರು ನಾಳದಿಂದ ಹೊರಗೆ ಜಿನುಗಿ ನಿಲ್ಲುತ್ತದೆ. ಬೆಳಿಗ್ಗೆ ಕಡಿಮೆ, ಸಂಜೆಗೆ ಹೆಚ್ಚು. ಬನಹಟ್ಟಿಯ ಮಗ್ಗದ ಮುಂದೆ ದಿನವಿಡೀ ನಿಲ್ಲುವವರಿಗೆ ಇನ್ನೂ ಹೆಚ್ಚು. 5 ಮಿಲಿಗ್ರಾಂನಲ್ಲಿ ಇಲ್ಲದ ಬಾವು 10 ಮಿಲಿಗ್ರಾಂನಲ್ಲಿ ಬರುವುದು ಸಾಮಾನ್ಯ. ಈ ಬಾವಿಗೆ ಮೂತ್ರ ಹೆಚ್ಚಿಸುವ ಗುಳಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಅಥವಾ ಟೆಲ್ಮಿಸಾರ್ಟಾನ್‌ನಂಥ ಇನ್ನೊಂದನ್ನು ಜೊತೆಗೆ ಸೇರಿಸುತ್ತಾರೆ, ಅಥವಾ ಗುಳಿಗೆಯನ್ನೇ ಬದಲಿಸುತ್ತಾರೆ. ಮೂರೂ ಅವರ ಕೈಯಲ್ಲಿದೆ, ನಾವು ಹೇಳಬೇಕಷ್ಟೆ. ಕಾಲು ಬಾಯುವುದಕ್ಕೆ ಹೃದಯ ಅಥವಾ ಕಿಡ್ನಿಯ ತೊಂದರೆಯೂ ಕಾರಣವಾಗಿರಬಹುದು. ಗುಳಿಗೆಯ ಮೇಲೆ ತಪ್ಪು ಹೊರಿಸಿ ಮನೆಯಲ್ಲಿ ಕೂತರೆ ಅದನ್ನು ಪತ್ತೆಹಚ್ಚುವವರು ಯಾರು? ಮಲಗಿದಾಗ ದಮ್ಮು ಹತ್ತಿದರಂತೂ ಅದೇ ದಿನ ಹೋಗಬೇಕು.

ಇದೇ ಜಾತಿಯ ಇನ್ನೊಂದು ತೊಂದರೆ ಕೆಮ್ಮು. ಬಿಪಿಗೇ ಕೊಡುವ ಎನಾಲಪ್ರಿಲ್, ರ‍್ಯಾಮಿಪ್ರಿಲ್ ತಗೊಳ್ಳುವ ಕೆಲವರಿಗೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಂಟಲಲ್ಲಿ ಕಿರಿಕಿರಿ, ಒಣ ಕೆಮ್ಮು ಶುರುವಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಇದನ್ನು ನೂಲಿನ ಧೂಳು ಅಂದುಕೊಂಡು ಸಿರಪ್ ಮೇಲೆ ಸಿರಪ್ ಕುಡಿಯುತ್ತಾನೆ. ಸಿರಪ್ಪಿಗೆ ಈ ಕೆಮ್ಮು ಬಗ್ಗುವುದಿಲ್ಲ. ಡಾಕ್ಟರು ಆ ಗುಳಿಗೆ ನಿಲ್ಲಿಸಿ ಬೇರೆ ಜಾತಿಯದನ್ನು ಕೊಟ್ಟರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಹೋಗುತ್ತದೆ. ಆದರೆ ಅದೇ ಗುಳಿಗೆಯಿಂದ ತುಟಿ, ನಾಲಿಗೆ, ಮುಖ ಊದಿಕೊಂಡರೆ ವಾರ ಕಾಯುವ ಮಾತಿಲ್ಲ. 108ಕ್ಕೆ ಫೋನ್ ಮಾಡಿ.

"ಶುಗರ್ ಗುಳಿಗಿ ಕಿಡ್ನಿ ತಿಂತಾವ"

ಇಷ್ಟು ಗಟ್ಟಿಯಾಗಿ ಬೇರೂರಿದ ಮಾತು ಇನ್ನೊಂದಿಲ್ಲ. ಕಿಡ್ನಿ ಕೆಟ್ಟವರೆಲ್ಲ ಗುಳಿಗೆ ನುಂಗುತ್ತಿದ್ದವರೇ ಎಂಬುದನ್ನು ಕಣ್ಣಾರೆ ಕಂಡಿದ್ದೇವೆ, ನಿಜ. ಆದರೆ ಅವರಿಗೆ ವರ್ಷಗಟ್ಟಲೆ ಶುಗರ್ ಇತ್ತು, ಬಿಪಿ ಇತ್ತು. ಕಿಡ್ನಿ ಹಾಳುಮಾಡುವುದರಲ್ಲಿ ಜಗತ್ತಿನ ತುಂಬ ಮುಂದಿರುವ ಕಾರಣಗಳು ಇವೇ ಎರಡು. ಶುಗರಿಗೆ ಹೆಚ್ಚಾಗಿ ಬರೆಯುವ ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ದೇಹದಿಂದ ಹೊರಗೆ ಹೋಗುತ್ತದೆ, ಕಿಡ್ನಿಯನ್ನು ಕೆಡಿಸುವುದಿಲ್ಲ. ಬೇರೆ ಕಾರಣದಿಂದ ಕಿಡ್ನಿಯ ಶಕ್ತಿ ಬಹಳ ಇಳಿದಿದ್ದರೆ ಗುಳಿಗೆ ಒಳಗೇ ಉಳಿದು ತೊಂದರೆ ಕೊಡಬಹುದೆಂದು ಡಾಕ್ಟರು ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಆ 'ನಿಲ್ಲಿಸಿದರು' ಎಂಬ ಸುದ್ದಿ ಊರಿಗೆ ಬರುವಷ್ಟರಲ್ಲಿ 'ಅದೇ ಕೆಡಿಸಿತು' ಎಂದಾಗಿರುತ್ತದೆ.

ಮೆಟ್‌ಫಾರ್ಮಿನ್ ನಿಜವಾಗಿ ಮಾಡುವುದು ಬೇರೆ. ಶುರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಬರಿಹೊಟ್ಟೆಯಲ್ಲಿ ನುಂಗದೆ ಊಟದ ಜೊತೆ ತಗೊಂಡರೆ, ಸಣ್ಣ ಪ್ರಮಾಣದಿಂದ ನಿಧಾನಕ್ಕೆ ಏರಿಸಿದರೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ಸರಿಯಾಗುತ್ತದೆ. ಆಗದಿದ್ದರೆ ನಿಧಾನವಾಗಿ ಕರಗುವ ನಮೂನೆಯ ಗುಳಿಗೆಯೂ ಇದೆ. ಯಾರೂ ಗಮನಿಸದ ಇನ್ನೊಂದು ಪರಿಣಾಮವಿದೆ. ವರ್ಷಗಟ್ಟಲೆ ತಗೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಬಿ12 ಸಿಗುವುದು ಹಾಲು, ಮೊಟ್ಟೆ, ಮಾಂಸದಿಂದ. ನಮ್ಮ ಕಡೆ ಮಾಂಸ ಮೊಟ್ಟೆ ಮುಟ್ಟದ ಮನೆಗಳು ಬಹಳ. ಅಂಗಾಲು ಜುಮುಗುಟ್ಟಿದರೆ, ಉರಿದರೆ 'ಶುಗರಿಂದು' ಅಂತ ಬಿಡಬೇಡಿ. ಬಿ12 ತಪಾಸಣೆ ಮಾಡಬೇಕೇ ಎಂದು ಡಾಕ್ಟರನ್ನು ಕೇಳಿ.

ಕಿಡ್ನಿಗೆ ನಿಜಕ್ಕೂ ಏಟು ಕೊಡುವ ಗುಳಿಗೆ ಚೀಟಿ ಇಲ್ಲದೆ ಬರುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವವರಿಗೆ ಸಂಜೆಗೆ ಸೊಂಟ ನಿಲ್ಲುವುದಿಲ್ಲ. ಮೆಡಿಕಲ್‌ಗೆ ಹೋಗಿ "ಮೈಕೈ ನೋವಿಂದ ಕೊಡ್ರಿ" ಅಂದರೆ ಸಿಗುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಅಥವಾ ಅದರ ಬಳಗದ್ದು. ಬಿಸಿಲಲ್ಲಿ ನೀರು ಬತ್ತಿದ ದೇಹದಲ್ಲಿ ಕಿಡ್ನಿಗೆ ರಕ್ತ ಹರಿಯುವಂತೆ ಕಾಪಾಡುವ ಒಂದು ವ್ಯವಸ್ಥೆಯಿದೆ. ಈ ಗುಳಿಗೆಗಳು ಅದನ್ನೇ ತಡೆಯುತ್ತವೆ. ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಬಿಪಿ ಏರಿಸುತ್ತವೆ. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುವವರು ಇದನ್ನು ಮೂರನೆಯದಾಗಿ ಸೇರಿಸಿದರೆ ಕಿಡ್ನಿ ದಿಢೀರನೆ ಸೋಲಬಹುದು. ನೋವು ಸುಳ್ಳಲ್ಲ. ಆ ದುಡಿಮೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ಬಿಪಿ, ಶುಗರ್ ಇದ್ದವರು ನೋವಿನ ಗುಳಿಗೆ ಕೇಳುವಾಗ ಅದನ್ನು ಮೊದಲು ಹೇಳಬೇಕು. ಇಂಥವರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕಡಿಮೆ ಅಪಾಯದ್ದು, ಅದಕ್ಕೂ ಮಿತಿ ಇದೆ.

ಉಪವಾಸದ ಮಾತೂ ಇಲ್ಲೇ ಬರಲಿ. ಮೆಟ್‌ಫಾರ್ಮಿನ್ ಒಂದೇ ತಗೊಂಡರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತಗೊಂಡು ಶ್ರಾವಣ ಸೋಮವಾರವೋ ಏಕಾದಶಿಯೋ ರೋಜಾವೋ ಹಿಡಿದರೆ ಬೆವರು, ನಡುಕ, ತಲೆ ಮಂಕಾಗುವುದು ಶುರುವಾಗಬಹುದು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಬೇಕು. ಮನೆಯಲ್ಲಿ ಮಹಾಲಿಂಗಪುರದ ಬೆಲ್ಲ ಮಾತ್ರ ಇದ್ದರೆ ಅದನ್ನೇ ಕರಗಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಉಪವಾಸ ಬಿಡಿ ಎಂದು ನಾನು ಹೇಳುವುದಿಲ್ಲ. ವಾರ ಮುಂಚೆ ಡಾಕ್ಟರಿಗೆ ತಿಳಿಸಿದರೆ ಪ್ರಮಾಣ, ಹೊತ್ತು ಹೊಂದಿಸಿಕೊಡುತ್ತಾರೆ, ಹಿಡಿಯಲೇಬಾರದವರಿಗೆ ಅದನ್ನೂ ಹೇಳುತ್ತಾರೆ.

"ಆರಾಮ ಆದ ಮ್ಯಾಲ ಯಾಕ ಬೇಕು?"

ಆರಾಮಾಯಿತೆಂದು ಬಿಡುವವರ ಜೊತೆಗೆ ಅನಿವಾರ್ಯವಾಗಿ ಬಿಟ್ಟವರೂ ಇದ್ದಾರೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ತಾಲ್ಲೂಕಿನ ದಂಡೆಯ ಹಳ್ಳಿಗಳ ಜನ ದನಕರು, ಕಾಳುಕಡ್ಡಿ ಕಟ್ಟಿಕೊಂಡು ಮನೆ ಬಿಟ್ಟರು. ಅಂಥ ಹೊತ್ತಿನಲ್ಲಿ ಮಾಡದೊಳಗಿನ ಕ್ಯಾರಿಬ್ಯಾಗು ಯಾರಿಗೆ ನೆನಪಾದೀತು? ಬಿಪಿ ಏರಿದರೆ ಗೊತ್ತಾಗುವುದಿಲ್ಲ, ಇಳಿದಾಗಲೂ ಗೊತ್ತಾಗುವುದಿಲ್ಲ. ಆದ್ದರಿಂದ 'ಎರಡು ವಾರ ಬಿಟ್ಟೆ, ಏನೂ ಆಗಲಿಲ್ಲ' ಎಂಬುದು ಪುರಾವೆಯಲ್ಲ. ಕೆಲವು ಗುಳಿಗೆಗಳನ್ನಂತೂ ಥಟ್ಟನೆ ನಿಲ್ಲಿಸಲೇಬಾರದು. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ಕ್ಲೋನಿಡಿನ್ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೆ ನೆಗೆಯಬಹುದು. ಮೂರ್ಛೆಯ ಗುಳಿಗೆ ತಪ್ಪಿದರೆ ಮೂರ್ಛೆ ಬರಬಹುದು. ವಾರಗಟ್ಟಲೆ ಸ್ಟಿರಾಯ್ಡ್ ತಗೊಂಡವರ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಅದನ್ನು ಹಂತಹಂತವಾಗಿ ಇಳಿಸದಿದ್ದರೆ ಜೀವಕ್ಕೇ ಅಪಾಯ. ಹೊಳೆ ದಂಡೆಯವರು ಮಳೆಗಾಲದಲ್ಲಿ ಒಂದು ವಾರದ ಗುಳಿಗೆಯನ್ನು ಡಬ್ಬಿಯಲ್ಲಿ ಆಧಾರ್ ಕಾರ್ಡಿನ ಜೊತೆ ಇಡಬೇಕು. ಚೀಟಿಯ, ಶೀಟುಗಳ ಫೋಟೋ ಮಗನ ಮೊಬೈಲಿನಲ್ಲಿರಬೇಕು.

ಕೆಂಪು ಮೂತ್ರ, ಕರಿ ಮಲ

ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆ-ಕೆಂಪಾಗುತ್ತವೆ. ರಕ್ತವಲ್ಲ, ಗುಳಿಗೆಯ ಬಣ್ಣ. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಕಬ್ಬಿಣಾಂಶದ ಗುಳಿಗೆಯಿಂದ ಮಲ ಕರ್ರಗಾಗುತ್ತದೆ, ಕೂಸು ಕರ್ರಗಾಗುವುದಿಲ್ಲ. ಮಲಬದ್ಧತೆಯಾದರೆ, ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತಗೊಂಡು ನೋಡಬಹುದು. ಚಹಾದ ಜೊತೆ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಹೆದರಬೇಕಾದ ಬಣ್ಣ ಬೇರೆ. ಟಿಬಿ ಗುಳಿಗೆ ತಗೊಳ್ಳುವಾಗ ಕಣ್ಣು ಹಳದಿಯಾದರೆ, ನೋವಿನ ಗುಳಿಗೆ ಅಥವಾ ಆಸ್ಪಿರಿನ್ ತಗೊಳ್ಳುವಾಗ ಮಲ ಡಾಂಬರಿನಂತೆ ಅಂಟಂಟಾಗಿ ಕಪ್ಪಾದರೆ, ಯಾವುದೇ ಗುಳಿಗೆಯ ನಂತರ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಎದ್ದರೆ ಅಂದೇ ದವಾಖಾನೆ ಸೇರಬೇಕು.

"ಗಾಂವಟಿ ಔಷಧಕ್ಕ ಏನೂ ಆಗಂಗಿಲ್ಲ"

ಪರಿಣಾಮ ಇರುವ ಯಾವುದಕ್ಕೂ ಅಡ್ಡ ಪರಿಣಾಮ ಇದ್ದೇ ಇರುತ್ತದೆ. ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಕೀಲುನೋವಿನ, ದಮ್ಮಿನ ಪುಡಿ ಮೂರೇ ದಿನಕ್ಕೆ ಪವಾಡ ಮಾಡಿದರೆ ಒಳಗೆ ಸ್ಟಿರಾಯ್ಡ್ ಬೆರೆತಿರುವ ಸಂಶಯ ಪಡಬೇಕು. ಮುಖ ದುಂಡಗಾಗಿ 'ಮೈ ತುಂಬಿತು' ಎಂದು ನೆಂಟರು ಮೆಚ್ಚುವ ಹೊತ್ತಿಗೆ ಒಳಗೆ ಶುಗರ್ ಏರಿರುತ್ತದೆ, ಎಲುಬು ಸವೆಯುತ್ತಿರುತ್ತದೆ. ಕಷಾಯ, ಪುಡಿ ತಗೊಳ್ಳುವುದನ್ನು ಡಾಕ್ಟರಿಗೆ ಮುಚ್ಚಿಡಬಾರದು. ಪೊಟ್ಟಣವನ್ನೇ ತೋರಿಸಿ.

"ಮೊಬೈಲ್‌ನ್ಯಾಗ ನೋಡೇನಿ, ಇಷ್ಟ ಉದ್ದ ಪಟ್ಟಿ ಐತಿ"

ಪಟ್ಟಿಯಲ್ಲಿ ಹತ್ತರಲ್ಲೊಬ್ಬರಿಗೆ ಆಗುವುದೂ ಹತ್ತು ಸಾವಿರದಲ್ಲೊಬ್ಬರಿಗೆ ಆಗುವುದೂ ಅಕ್ಕಪಕ್ಕ ಕೂತಿರುತ್ತವೆ. ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಕಣ್ಣು ತೆರೆಸಿತು. ಅಡ್ಡ ಪರಿಣಾಮಕ್ಕೆ ಬೇಸತ್ತು ಕೊಲೆಸ್ಟ್ರಾಲ್‌ನ ಸ್ಟ್ಯಾಟಿನ್ ಗುಳಿಗೆ ಬಿಟ್ಟಿದ್ದ 60 ಜನರಿಗೆ 12 ತಿಂಗಳಿಗೆ 12 ಡಬ್ಬಿ ಕೊಟ್ಟರು. ನಾಲ್ಕರಲ್ಲಿ ನಿಜವಾದ ಗುಳಿಗೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಗುಳಿಗೆ, ನಾಲ್ಕು ಖಾಲಿ. ಯಾವುದು ನಿಜ, ಯಾವುದು ಹುಸಿ ಎಂದು ಅವರಿಗೆ ಗೊತ್ತಿರಲಿಲ್ಲ. ನಿಜವಾದ ಗುಳಿಗೆ ತಗೊಂಡಾಗ ಆದ ತೊಂದರೆಯ ಶೇ. 90ರಷ್ಟು ಹುಸಿ ಗುಳಿಗೆಯಲ್ಲೂ ಆಗಿತ್ತು. ಅವರ ನೋವು ನಟನೆಯಲ್ಲ. ಗುಳಿಗೆ ನುಂಗುತ್ತಿದ್ದೇನೆ ಎಂಬ ಅಂಜಿಕೆಯೂ ಮೈಯಲ್ಲಿ ನೋವಾಗಿ ಏಳಬಲ್ಲದು. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ಗುಳಿಗೆಯನ್ನು ಮತ್ತೆ ಶುರುಮಾಡಿದರು.

"ಹೇಳಿದರ ಬೈತಾರ"

ಬೈಯುವವರೂ ಇದ್ದಾರೆ, ಇಲ್ಲವೆನ್ನಲಾರೆ. ಸಾಲಿನಲ್ಲಿ ಐವತ್ತು ಜನ ಕಾಯುತ್ತಿರುವಾಗ ಡಾಕ್ಟರಿಗೆ ಸಿಗುವುದು ಮೂರು ನಿಮಿಷ. ಅದಕ್ಕೇ ಮನೆಯಿಂದಲೇ ಸಿದ್ಧವಾಗಿ ಹೋಗಬೇಕು. ಇಡೀ ಚೀಲ ಒಯ್ಯಬೇಕು, ಯಾಕೆಂದರೆ ಮಿರಜದವರು ಬರೆದದ್ದು ಜಮಖಂಡಿಯವರಿಗೆ ಗೊತ್ತಿರುವುದಿಲ್ಲ. ಒಂದೇ ಔಷಧ ಎರಡು ಕಂಪನಿ ಹೆಸರಿನಲ್ಲಿ ಎರಡು ಸಲ ಹೊಟ್ಟೆ ಸೇರುವುದು ಹೀಗೇ. 'ಗುಳಿಗಿ ಹಿಡಿಸವಲ್ದು' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. 'ಈ ಗುಳಿಗಿ ಚಾಲೂ ಮಾಡಿ ಹತ್ತ ದಿನಕ್ಕ ಕಾಲ ಬಾತುವು, ಸಂಜೀಕ ಹೆಚ್ಚು' ಎಂದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ದಿನ ಬಿಟ್ಟಿದ್ದರೆ ಬಿಟ್ಟೇನಿ ಅನ್ನಬೇಕು. ಇಲ್ಲದಿದ್ದರೆ ಏರಿದ ಬಿಪಿ ನೋಡಿ ಅವರು ಗುಳಿಗೆ ಇನ್ನೂ ಹೆಚ್ಚಿಸುತ್ತಾರೆ.

ನಮ್ಮ ಮಾತು ಡಾಕ್ಟರಿಂದಾಚೆಗೂ ಹೋಗಬಲ್ಲದು. 2010ರಲ್ಲಿ ಶುರುವಾದ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಕೇಂದ್ರ ಈಗ ಗಾಜಿಯಾಬಾದಿನಲ್ಲಿದೆ. ಅದರ ಉಚಿತ ಸಂಖ್ಯೆ 1800-180-3024. ರೋಗಿಗಳೇ ತುಂಬುವ ಫಾರ್ಮು ಕನ್ನಡದಲ್ಲೂ ಇದೆ. ಗುಳಿಗೆಯಿಂದಲೇ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಸಂಶಯವಿದ್ದರೆ ಸಾಕು. ಇಂಥ ವರದಿಗಳನ್ನು ಪರಿಶೀಲಿಸಿಯೇ 2023ರ ನವೆಂಬರ್‌ನಲ್ಲಿ, ಮುಟ್ಟಿನ ನೋವಿಗೆ ಮನೆಮನೆಯಲ್ಲಿ ಬಳಸುವ ಮೆಫೆನಾಮಿಕ್ ಆಸಿಡ್ ಅಪರೂಪಕ್ಕೆ ತೀವ್ರ ಅಲರ್ಜಿ ತರಬಹುದೆಂದು ಎಚ್ಚರಿಕೆ ಹೊರಬಿತ್ತು.

ಅವ್ವನಿಗೆ ಡಾಕ್ಟರು ಅಮ್ಲೋಡಿಪಿನ್ 10ರಿಂದ 5ಕ್ಕೆ ಇಳಿಸಿ ಟೆಲ್ಮಿಸಾರ್ಟಾನ್ ಸೇರಿಸಿದರು. ತಿಂಗಳೊಪ್ಪತ್ತಿನಲ್ಲಿ ಕಾಲುಂಗುರ ಸಡಿಲವಾಯಿತು. ಬೈಗುಳ ಬರಲಿಲ್ಲ, "ಮೊದಲ ಹೇಳಬಾರದಿತ್ತೇನವಾ?" ಅಂದರಷ್ಟೆ. ಈಗ ಹೋಗುವಾಗ ಚೀಲ ಅವಳೇ ಹಿಡಿಯುತ್ತಾಳೆ. ಸ್ಟೂಲಿನ ಮೇಲೆ ಕೂತು, ಅವರು ಕೇಳುವ ಮೊದಲೇ ಶುರುಮಾಡುತ್ತಾಳೆ: "ಸಾಹೇಬ್ರ, ಈ ಸಲ ಎರಡು ಮಾತ ಅದಾವ್ರಿ."